ಕಾಫಿ ಎಡಗಡೆ ಬಾಗಿಲ ಆಚೆ

ನಮ್ಮ ಬಡಾವಣೆಯ ಸಮುದಾಯ ಭವನದ ಎಡಗಡೆಯ ಬಾಗಿಲಿಗೆ ಬೀಗ ಜಡಿದವರು ನೀವು. ಆ ಬಾಗಿಲು ತೆಗೆಯಿರಿ ಎಂದು ಬದುಕಿರುವವರೆಗೂ ಕೇಳಿದ ಮನುಷ್ಯ ತೀರಿಕೊಂಡಾಗ ಅವರ ಶ್ರದ್ಧಾಂಜಲಿ ಸಭೆಯನ್ನು ಅದೇ ಭವನದಲ್ಲಿ ಏರ್ಪಡಿಸಿ, ಅವರ ಭಾವಚಿತ್ರವನ್ನು ಅದೇ ಬಾಗಿಲಿಗೆ ಒರಗಿಸಿ, ಸುಗಂಧರಾಜದ ಹಾರ ಹಾಕಿ ಕೈಮುಗಿದವರೂ ನೀವೇ. ನೀವು ಎಂದರೆ ಭವನದ ನಿರ್ವಹಣಾ ಸಮಿತಿಯ ಅಧ್ಯಕ್ಷರು, ಸದಸ್ಯರು, ಮತ್ತು ನಿಮ್ಮಿಂದ ಭವನವನ್ನು ಗುತ್ತಿಗೆಗೆ ಪಡೆದಿರುವ ಕಂಟ್ರಾಕ್ಟರು. ಎಲ್ಲವೂ ಮರೆವಿನಿಂದ ಆದದ್ದು ಎಂದು ನೀವು ಹೇಳಬಹುದು. ಮರೆವಿಗೆ ಬೀಗ ಬೇಕಾಗುವುದಿಲ್ಲ.

ಈ ತಿಂಗಳ ಕೊನೆಯ ಭಾನುವಾರ ಸಂಜೆ ಅಲ್ಲಿ ಬಡಾವಣೆಯ ಮಕ್ಕಳ ನಾಟಕವಿದೆ. ನನ್ನ ಅಕ್ಕನ ಮಗಳು ಅದರಲ್ಲಿ ಆಲದ ಮರ. ಆ ಭಾನುವಾರ ಬರುವ ಮೊದಲು ಈ ಬರಹ ನಿಮ್ಮನ್ನು ತಲುಪಬೇಕು ಎಂಬ ಒಂದೇ ಆತಂಕದಿಂದ ಬರೆಯುತ್ತಿದ್ದೇನೆ. ಆದರೂ ತೀರಿಕೊಂಡವರ ಬಗ್ಗೆ ಮೊದಲು ಹೇಳಲೇಬೇಕು. ಏಕೆಂದರೆ ಸಭೆಯಲ್ಲಿ ನೀವೆಲ್ಲ ಸರದಿಯಂತೆ ಎದ್ದು ಹೊಗಳಿದ ಆ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಯಾರೋ ನನಗೆ ಗೊತ್ತಿಲ್ಲ. ನಾನು ಕಂಡವರು ಸಜ್ಜನರು ಹೌದು, ಸರಳರಂತೂ ಆಗಿರಲಿಲ್ಲ. ಕಾರ್ಯಕ್ರಮ ಏರ್ಪಡಿಸುವವರ ಪಾಲಿಗೆ ಅವರು ದೊಡ್ಡ ತಲೆನೋವಾಗಿದ್ದರು.

ಬಡಾವಣೆಯಲ್ಲಿ ಎಲ್ಲರಿಗೂ ಅವರು ‘ಮೈಕ್ ಸಾರ್’. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಸಂಗೀತ ಕಛೇರಿ, ಪುಸ್ತಕ ಬಿಡುಗಡೆ, ರಾಜ್ಯೋತ್ಸವ, ಆರತಕ್ಷತೆ, ಯಾವುದೇ ಇರಲಿ, ಬಸವನಗುಡಿಯಿಂದ ಜೆ.ಪಿ. ನಗರದವರೆಗೆ ನಿರೂಪಣೆಗೆ ಅವರನ್ನೇ ಕರೆಯುತ್ತಿದ್ದರು. ಬೇಸಿಗೆಯಲ್ಲೂ ತುಂಬುತೋಳಿನ ಬಿಳಿ ಅಂಗಿಯ ಮೇಲೊಂದು ಕೈಯಿಲ್ಲದ ಸ್ವೆಟರು. ವೇದಿಕೆ ಹತ್ತಿದರೆ ಮೈಕನ್ನು ಊದುವುದಿಲ್ಲ, ತಟ್ಟುವುದಿಲ್ಲ, ‘ಹಲೋ ಹಲೋ’ ಎನ್ನುವುದಿಲ್ಲ. ಕೊನೆಯ ಸಾಲಿನತ್ತ ಕತ್ತು ಚಾಚಿ, "ಹಿಂದೆ ಕೂತಿರೋ ಅಮ್ಮಾ, ನಿಮ್ಮ ಸೀರೆ ಬಣ್ಣಕ್ಕೆ ಏನಂತಾರೆ?" ಎಂದು ಕೇಳುವರು. "ಮಾವಿನ ಚಿಗುರು!" ಎಂದು ಅಲ್ಲಿಂದ ಉತ್ತರ ಬಂದರೆ ಮೈಕು ಸರಿಯಿದೆ ಎಂದು ಅರ್ಥ. ಅಷ್ಟರಲ್ಲಿ ಸಭೆ ಅವರದಾಗಿರುತ್ತಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಗ ನಮ್ಮ ಭವನದ ರಾಜ್ಯೋತ್ಸವಕ್ಕೆ ಅವರ ಜೊತೆ ಸಹನಿರೂಪಕಿಯಾದೆ. ಹಳಗನ್ನಡದ ಬಿಗಿಯನ್ನೂ ಹೊಸಗನ್ನಡದ ಬೆಡಗನ್ನೂ ಸೇರಿಸಿ ಪೀಠಿಕೆ ಬರೆದುಕೊಂಡು ಹೋಗಿದ್ದೆ. ಕನ್ನಡಕವನ್ನು ಹಣೆಗೇರಿಸಿ ಪೂರ್ತಿ ಓದಿದರು.

"ಸೊಗಸಾಗಿದೆ ತಾಯಿ. ಟಾಯ್ಲೆಟ್ ಎಲ್ಲಿದೆ ಅಂತ ಯಾವಾಗ ಹೇಳ್ತೀಯ?"

ಅವಮಾನವಾಯಿತು. ಆದರೆ ಪೀಠಿಕೆಯ ಒಂದಕ್ಷರವನ್ನೂ ಅವರು ತೆಗೆಯಲಿಲ್ಲ. ಅದರ ಕೊನೆಗೆ ತಮ್ಮ ಎರಡು ಮಾತು ಸೇರಿಸಿದರು. ಒಂದು ಶೌಚಾಲಯದ ದಾರಿ. ಇನ್ನೊಂದು, ಮುಂದೆ ನಾನು ಅವರ ಬಾಯಿಂದ ಪ್ರತಿ ಕಾರ್ಯಕ್ರಮದಲ್ಲೂ ಕೇಳಲಿದ್ದ ಮಾತು: "ಕಾಫಿ ಎಡಗಡೆ ಬಾಗಿಲ ಆಚೆ ಇದೆ. ಎಡಗಡೆ ಅಂದ್ರೆ ನನ್ನ ಎಡ ಅಲ್ಲ, ನಿಮ್ಮದು. ಗಡಿಯಾರ ಕಟ್ಟೋ ಕೈ ಕಡೆ."

ಅದು ಬರೀ ಪ್ರಕಟಣೆಯಲ್ಲ, ಅವರ ಷರತ್ತು. ಯಾವ ಸಭಾಂಗಣವೇ ಆಗಲಿ, ಕಾಫಿಯ ಕ್ಯಾನು, ಉಪ್ಪಿಟ್ಟಿನ ತಪ್ಪಲೆ, ನೀರಿನ ಲೋಟಗಳ ಮೇಜು ಪಕ್ಕದ ಬಾಗಿಲ ಹೊರಗಿರಬೇಕು. ಬಂದ ಬಾಗಿಲಲ್ಲಿ ಇಡಕೂಡದು. ಒಳಗೆ ಸರಬರಾಜು ಮಾಡಕೂಡದು. ಸಂಘಟಕರು ಗೊಣಗುತ್ತಿದ್ದರು. "ಬಿಸಿಲು ಸಾರ್ ಆ ಕಡೆ." "ಸೊಳ್ಳೆ ಸಾರ್." "ವಯಸ್ಸಾದೋರು ಅಷ್ಟು ದೂರ ನಡೀಬೇಕಲ್ಲ ಸಾರ್." ಅವರ ಉತ್ತರ ಒಂದೇ: "ನಡೀಲಿ." ಜನ ಇದನ್ನು ಕಾಫಿಯ ಚಪಲ ಎಂದುಕೊಂಡರು. ತಮಗೆ ಬೇಕಾದ ಜಾಗದಲ್ಲಿ ನಿಂತು, ಬೇಕಾದಷ್ಟು ಬಿಸಿಯಾಗಿ ಕುಡಿಯುವ ಗೀಳು ಎಂದರು. ನಾನೂ ಹಾಗೆಯೇ ತಿಳಿದಿದ್ದೆ.

ಅವರ ಚಪ್ಪಲಿಯದೂ ಒಂದು ಕಥೆ. ದೇವರ ಫೋಟೋ ಇಟ್ಟು ದೀಪ ಹಚ್ಚುವ ಕಾರ್ಯಕ್ರಮವಾದ್ದರಿಂದ ನಮ್ಮಲ್ಲಿ ಎಲ್ಲರೂ ಹೊಸ್ತಿಲಲ್ಲೇ ಚಪ್ಪಲಿ ಬಿಡುತ್ತಾರೆ; ಬಾಗಿಲ ಬಾಯಿಯಲ್ಲಿ ಚಪ್ಪಲಿಯ ಗುಡ್ಡೆ ಬೀಳುತ್ತದೆ. ಇವರು ತಮ್ಮದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರನ್ನು ಕುರ್ಚಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. "ಯಾರು ಕದೀತಾರೆ ಸಾರ್ ನಿಮ್ಮ ಹವಾಯಿನ?" ಎಂದು ರೇಗಿಸುತ್ತಿದ್ದರು. ಕಾರ್ಯಕ್ರಮ ಶುರುವಾಗುವ ಮುಂಚೆ ಉಳಿದವರ ಚಪ್ಪಲಿಗಳನ್ನೂ ಅವರು ಕಾಲಿನಿಂದ ಗೋಡೆಯ ಅಂಚಿಗೆ ಸರಿಸುತ್ತಿದ್ದರು ಎಂಬುದನ್ನು ರೇಗಿಸುವವರು ನೋಡಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಕಟ್ಟಡಕ್ಕೆ ಒಂದು ಸುತ್ತು ಹಾಕಿ, ಪ್ರತಿಯೊಂದು ಬಾಗಿಲನ್ನೂ ಕೈಯಿಟ್ಟು ತಳ್ಳಿ ನೋಡುತ್ತಿದ್ದರು. "ನೋಡಿದ್ರೆ ಎಲ್ಲಾ ಬಾಗಿಲೂ ತೆಗೆದಿರೋ ಹಾಗೇ ಕಾಣುತ್ತೆ. ತಳ್ಳಬೇಕು" ಎನ್ನುತ್ತಿದ್ದರು.

ಒಮ್ಮೆ ಜಯನಗರದ ಒಂದು ಪುಸ್ತಕ ಬಿಡುಗಡೆಯಲ್ಲಿ ಸಂಘಟಕರು ಕಾಫಿಯನ್ನು ಮುಂಬಾಗಿಲಲ್ಲೇ ಇಟ್ಟುಬಿಟ್ಟರು. ಇವರು ಮೈಕಿನಲ್ಲಿ, "ಕಾಫಿ ಜಾಗ ಬದಲಾಯಿಸೋವರೆಗೂ ವಿರಾಮ ಇಲ್ಲ, ಮುಂದಿನ ಭಾಷಣ ಕೇಳೋಣ" ಎಂದು ಘೋಷಿಸಿದರು. ಮುಂದಿನ ಭಾಷಣಕಾರರು ಯಾರೆಂದು ಕಾರ್ಡು ನೋಡಿದ್ದ ಸಭಿಕರೇ ಎದ್ದು ಹೋಗಿ ಮೇಜನ್ನು ಹೊತ್ತು ಆಚೆ ಇಟ್ಟರು. ಹಿಂದಿರುಗುವಾಗ ಆಟೋದಲ್ಲಿ ನನಗೆ ತಡೆಯಲಾಗಲಿಲ್ಲ.

"ಕಾಫಿ ಎಲ್ಲಿದ್ರೇನು ಸಾರ್? ಇಷ್ಟು ಹಟ ಯಾಕೆ?"

ಅವರು ಆಗ ಕಾರಣ ಹೇಳಿದರು. ಬ್ಯಾಂಕಿನಲ್ಲಿದ್ದಾಗ ನೌಕರರ ನಾಟಕಕ್ಕೆ ಇವರದೇ ನಿರೂಪಣೆ. ನಡುವೆ ಪರದೆಯ ಹಿಂದೆ ಒಂದು ಲೈಟು ಸುಟ್ಟು ಹೊಗೆ ಬಂತು. ಪಕ್ಕದ ಎರಡು ಬಾಗಿಲೂ ತೆರೆದೇ ಇದ್ದವು. ಸಭೆ ಪೂರ್ತಿ ತಾನು ಬಂದ ಬಾಗಿಲಿಗೇ ನುಗ್ಗಿತು.

"ಏನೂ ಆಗ್ಲಿಲ್ಲ, ಹೊಗೆ ತಾನಾಗೇ ನಿಂತುಹೋಯ್ತು. ಆದ್ರೆ ನಾನು ಮೈಕಲ್ಲಿ ‘ಪಕ್ಕದಲ್ಲಿ ಹೋಗಿ, ಪಕ್ಕದಲ್ಲಿ ಹೋಗಿ’ ಅಂತ ಕೂಗ್ತಾನೇ ಇದ್ದೆ ತಾಯಿ. ಒಬ್ಬರೂ ತಿರುಗಿ ನೋಡ್ಲಿಲ್ಲ. ನನ್ನ ದನಿ ಕೇಳಿ ಜನ ಚಪ್ಪಾಳೆ ಹೊಡೀತಾರೆ, ನಗ್ತಾರೆ. ಪ್ರಾಣ ಹೋಗೋ ಹೊತ್ತಲ್ಲಿ ಯಾರೂ ಕೇಳಲ್ಲ. ಒಂದು ಸಲವಾದ್ರೂ ಆ ಬಾಗಿಲಲ್ಲಿ ನಡೆದು ಹೋಗಿದ್ರೆ ಕಾಲಿಗೆ ನೆನಪಿರುತ್ತೆ. ಸುಮ್ಸುಮ್ನೆ ನಡೀರಿ ಅಂದ್ರೆ ನಡೀತಾರಾ? ಕಾಫಿಗಾದ್ರೆ ನಡೀತಾರೆ."

ಇಷ್ಟು ವರ್ಷ ದಕ್ಷಿಣ ಬೆಂಗಳೂರಿನ ಅರ್ಧ ಜನಕ್ಕೆ ಈ ಮನುಷ್ಯ ಕಾಫಿಯ ನೆಪದಲ್ಲಿ ಜೀವ ಉಳಿಸಿಕೊಳ್ಳುವ ದಾರಿಯನ್ನು ರೂಢಿ ಮಾಡಿಸುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಒಂದು ಆರತಕ್ಷತೆಯಲ್ಲಿ ಬೆಂಕಿ ಎಂಬ ಮಾತು ಎತ್ತಿದ್ದಕ್ಕೆ ಹುಡುಗಿಯ ಸೋದರಮಾವ, "ಶುಭಕಾರ್ಯದಲ್ಲಿ ಅದೇನ್ರೀ ಬಾಯಲ್ಲಿ ಬರೋದು?" ಎಂದು ಮೈಕು ಕಿತ್ತುಕೊಂಡಿದ್ದರಂತೆ.

ಸಭೆ ಸೇರುವ ಜಾಗಗಳ ಹೆಸರುಗಳ ಬಗ್ಗೆ ಅವರಿಗಿದ್ದ ಜಗಳಗಂಟತನವೂ ಇದರದೇ ಭಾಗ ಎಂದು ನನಗೆ ಆಗ ಹೊಳೆಯಿತು. ಯಾರಾದರೂ ವಾಟ್ಸಾಪಿನಲ್ಲಿ ಆಹ್ವಾನಪತ್ರಿಕೆ ಕಳಿಸಿದರೆ ಮೊದಲು ನೋಡುತ್ತಿದ್ದುದು ಸ್ಥಳ. ತಕ್ಷಣ ಫೋನು.

"ಸಭಾಂಗಣ ಅಂತ ಹಾಕಿದೀಯ. ಎಲ್ಲಿದೆಯಪ್ಪ ಅದು?"

"ಬೇಕರಿ ಮೇಲ್ಗಡೆ ಸಾರ್, ಮೂರನೇ ಫ್ಲೋರು. ಲಿಫ್ಟ್ ಇದೆ."

"ಮೆಟ್ಟಿಲು?"

"ಇದೆ ಸಾರ್, ಆದ್ರೆ ಅಲ್ಲಿ ಬೇಕರಿಯೋರು ಮೈದಾ ಮೂಟೆ ಇಟ್ಟಿದಾರೆ."

"ಹಾಗಾದ್ರೆ ಅದು ಅಟ್ಟ ಕಣಯ್ಯಾ. ಅಟ್ಟ ಅಂತಲೇ ಹಾಕು. ಜನ ಯೋಚನೆ ಮಾಡಿ ಬರ್ತಾರೆ."

ಹಾಸ್ಯವಾಗಿ ಶುರುವಾಗುತ್ತಿದ್ದ ಈ ಮಾತು ಬರಬರುತ್ತ ಬೇರೆ ದಾರಿ ಹಿಡಿಯುತ್ತಿತ್ತು. ನಮ್ಮ ಭಾಷೆಯಲ್ಲಿ ಜನ ಸೇರುವ ಜಾಗಕ್ಕೆ ಇರುವ ಹಳೆಯ ಹೆಸರುಗಳನ್ನೆಲ್ಲ ಅವರು ಒಂದೊಂದಾಗಿ ಎತ್ತಿ ಬಾಗಿಲು ಹುಡುಕುತ್ತಿದ್ದರು. ಮಂಟಪ ಎಂದರೆ ಕಂಬಗಳು, ಅದಕ್ಕೆ ಗೋಡೆಯೇ ಇಲ್ಲ. ಚಾವಡಿಗೆ ಒಂದು ಮಗ್ಗುಲು ಪೂರ್ತಿ ಬೀದಿಗೆ ತೆರೆದಿರುತ್ತದೆ. ಪಡಸಾಲೆಯಲ್ಲಿ ಕೂತವನಿಗೆ ಅಂಗಳ ಕಾಣುತ್ತದೆ. ಸಭಾಂಗಣದೊಳಗೇ ಅಂಗಣವಿದೆ, ಅದರ ನೆತ್ತಿಗೆ ಆಕಾಶವಿರಬೇಕು. ಛತ್ರವಂತೂ ಕೊಡೆ, ಕೊಡೆಯ ಕೆಳಗಿನಿಂದ ಯಾವ ದಿಕ್ಕಿಗೆ ಬೇಕಾದರೂ ಓಡಬಹುದು. "ಹೆಸರು ಇಟ್ಟೋರಿಗೆ ಗೊತ್ತಿತ್ತು ತಾಯಿ, ತುಂಬಾ ಜನ ಸೇರಿದ್ರೆ ತುಂಬಾ ಕಡೆ ತೆಗೆದಿರ್ಬೇಕು ಅಂತ. ನಾವು ಹೆಸರು ಮಾತ್ರ ಇಟ್ಕೊಂಡು ಸುತ್ತ ಗೋಡೆ ಎಬ್ಬಿಸಿಬಿಟ್ವಿ. ಕಲ್ಯಾಣ ಮಂಟಪ ಅಂತೀವಿ, ಒಂದೇ ಬಾಗಿಲು ಇಡ್ತೀವಿ. ಛತ್ರ ಬುಕ್ ಆಯ್ತಾ ಅಂತ ಕೇಳ್ತೀವಿ, ಒಳಗೆ ಹೋದ್ರೆ ಕಿಟಕಿಗೂ ಮೊಳೆ ಹೊಡೆದು ಪರದೆ ಬಿಟ್ಟಿರ್ತಾರೆ." ಭಾಷಾವಿಜ್ಞಾನದ ತರಗತಿಯಲ್ಲಿ ನಾನು ಅರ್ಥಸಂಕೋಚ, ಅರ್ಥವ್ಯತ್ಯಾಸ ಎಂದೆಲ್ಲ ಬರೆದು ಅಂಕ ಪಡೆದಿದ್ದೆ. ಪದವೊಂದರ ಅರ್ಥ ಬದಲಾಗಿದೆ ಎಂದು ಒಬ್ಬರು ಹೆದರಿದ್ದನ್ನು ನಾನು ನೋಡಿದ್ದು ಅವರಲ್ಲಿ ಮಾತ್ರ.

ಈಗ ನಮ್ಮ ಭವನದ ವಿಷಯಕ್ಕೆ ಬರುತ್ತೇನೆ. ಬಲಕ್ಕೆ ಪಕ್ಕದ ಮನೆಯ ಕಾಂಪೌಂಡು, ಹಿಂದೆ ಅಡುಗೆಯ ಶೆಡ್ಡು. ರಸ್ತೆಗೆ ಮುಂಬಾಗಿಲು. ಎಡಗಡೆ, ವೇದಿಕೆಯ ಹತ್ತಿರ, ಕಮಾನಿನ ಚೌಕಟ್ಟಿನ ಇನ್ನೊಂದು ಬಾಗಿಲು. ಅದರಾಚೆ ರಸ್ತೆ ಸೇರುವ ಓಣಿ. ಮೈಕ್ ಸಾರ್ ಅವರ ಕಾಫಿ ವರ್ಷಾನುಗಟ್ಟಲೆ ಅದೇ ಓಣಿಯಲ್ಲಿ ಬಿಸಿಯಾಗಿತ್ತು. ನೀವು ಭವನವನ್ನು ಗುತ್ತಿಗೆಗೆ ಕೊಟ್ಟ ಮೇಲೆ ‘ಸಮುದಾಯ ಭವನ’ ಎಂಬ ಕೆತ್ತಿದ ಅಕ್ಷರಗಳ ಮೇಲೆ ‘ಗ್ರ್ಯಾಂಡ್ ಕನ್ವೆನ್ಷನ್ ಹಾಲ್, ಎ.ಸಿ.’ ಎಂಬ ಫ್ಲೆಕ್ಸು ಬಂತು. ಓಣಿಗೆ ತಗಡು ಹೊದಿಸಿ ಕುರ್ಚಿ ಪೇರಿಸಿದರು, ಅಡುಗೆಯ ಗ್ಯಾಸ್ ಸಿಲಿಂಡರುಗಳನ್ನು ಇಟ್ಟರು. ಬಾಗಿಲಿಗೆ ಬೀಗ ಬಿತ್ತು. ಕಾರಣ ಕೇಳಿದಾಗ ಕಂಟ್ರಾಕ್ಟರು ಹೇಳಿದ್ದು: ಆ ಬಾಗಿಲಿನಿಂದ ಕರೆಯದವರು ಊಟಕ್ಕೆ ನುಗ್ಗುತ್ತಾರೆ.

ನುಗ್ಗಿದವರನ್ನು ನಾನೂ ನೋಡಿದ್ದೇನೆ. ಬಿಟಿಎಂ ಕಡೆಯ ಪಿ.ಜಿ.ಯಲ್ಲಿದ್ದ ಇಬ್ಬರು ಹುಡುಗರು, ಉತ್ತರ ಕರ್ನಾಟಕದವರು, ಗೆಳೆಯನ ರೂಮಿಗೆಂದು ಈ ಕಡೆ ಬಂದು ಹೋಳಿಗೆಯ ವಾಸನೆಗೆ ಒಳಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಎಲೆಯ ಮುಂದೆ ವಿನಯದಿಂದ ಕೂತಿದ್ದರು. ಮೈಕ್ ಸಾರ್ ಎದುರು ನಿಂತರು.

"ಯಾರ ಕಡೆಯವರಪ್ಪಾ ನೀವು?"

"ಹುಡುಗನ ಕಡೆಯವರ್‍ರೀ ಸರ."

"ಇದು ಷಷ್ಟಿಪೂರ್ತಿ ಕಣಪ್ಪಾ. ಹುಡುಗನಿಗೆ ಅರವತ್ತು."

ಒಬ್ಬ ಎದ್ದೇಬಿಟ್ಟ. ಇನ್ನೊಬ್ಬ ಬಾಯಲ್ಲಿದ್ದ ಹೋಳಿಗೆ ನುಂಗಲಾರದೆ, "ನಮ್ಮ ಅಜ್ಜಾ ಆಗ್ಬೇಕ್ರೀ ಸರ" ಎಂದ. ಮೈಕ್ ಸಾರ್ ಬಿದ್ದು ಬಿದ್ದು ನಕ್ಕು, ಇಬ್ಬರನ್ನೂ ಕೂರಿಸಿ, ಪಕ್ಕದ ಎಲೆಯಲ್ಲಿ ತಾವೂ ಕೂತು ಊಟ ಮಾಡಿದರು. ಹೋಗುವಾಗ ಅವರಿಗೆ ಅರವತ್ತರ ‘ಹುಡುಗ’ನ ಕಾಲಿಗೆ ನಮಸ್ಕಾರ ಮಾಡಿಸಿದರು; ಅವರು ಯಾರೆಂದು ತಿಳಿಯದೆಯೇ ಆಶೀರ್ವಾದವೂ ಸಿಕ್ಕಿತು.

"ಇಬ್ಬರು ಹುಡುಗರು ಒಂದೊತ್ತು ಉಂಡ್ರು ಅಂತ ಸಭೆಗೆಲ್ಲ ಬೀಗ ಹಾಕ್ತಾರೇನಮ್ಮ ಯಾರಾದ್ರೂ?" ಎಂದು ಅವರು ನನ್ನನ್ನು ಕೇಳಿದ್ದರು. ಆ ಬೀಗದ ಮಾತನ್ನೇ ನಿಮ್ಮ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಎತ್ತಿದರು. ಅಂದು ನಾನು ಅವರ ಹಿಂದಿನ ಸಾಲಿನಲ್ಲಿದ್ದೆ. ಆದ್ದರಿಂದ ಅಧ್ಯಕ್ಷರ ಮಾತನ್ನು ಇಲ್ಲಿ ಇದ್ದಂತೆಯೇ ಕೊಡಬಲ್ಲೆ.

"ಬೋರ್ಡಿಗೆ ಏನು ಬೇಕಾದ್ರೂ ಹೆಸರು ಇಟ್ಕೊಳ್ಳಿ ಅಧ್ಯಕ್ಷರೇ," ಎಂದರು ಮೈಕ್ ಸಾರ್, "ಆ ಬಾಗಿಲು ಯಾವಾಗ ತೆಗೀತೀರಿ?"

"ತೆಗೆಯೋಣ ಸಾರ್. ಎ.ಸಿ. ಹಾಕ್ಸಿದೀವಲ್ಲ, ತಂಪೆಲ್ಲ ಆಚೆ ಹೋಗ್ಬಿಡುತ್ತೆ."

"ತಂಪು ಆಚೆ ಹೋಗ್ಬಾರ್ದು ಅಂತ ಜನರನ್ನ ಒಳಗೇ ಇಟ್ಕೋತೀರಾ?"

"ಅಯ್ಯೋ, ನಾವು ಯಾರನ್ನ ಸಾರ್ ಕೂಡಿ ಹಾಕಿದೀವಿ? ನಿಮಗೆ ಕಾಫಿ ತಾನೇ ಪ್ರಾಬ್ಲಮ್ಮು? ಇನ್ಮೇಲೆ ನಿಮ್ಮ ಕುರ್ಚಿಗೇ ತಂದುಕೊಡಿಸ್ತೀನಿ, ಬೆಳ್ಳಿ ಲೋಟದಲ್ಲಿ!"

ಸಭೆ ಗೊಳ್ಳೆಂದಿತು. ಮೈಕ್ ಸಾರ್ ಕೂಡ ನಕ್ಕರು. ಮನೆಯತ್ತ ನಡೆಯುವಾಗ ಅವರ ಮುಖ ಸಣ್ಣದಾಗಿತ್ತು. "ನಕ್ಕುಬಿಟ್ಟೆ ನೋಡು ತಾಯಿ. ನಗಬಾರದಾಗಿತ್ತು. ಅವರು ಇದು ಮುಗೀತು ಅಂತ ತಿಳ್ಕೊಂಡ್ರು."

ಆಮೇಲೂ ಅವರು ಬಿಡಲಿಲ್ಲ. ಅಧ್ಯಕ್ಷರು ಬೆಳಗಿನ ವಾಕಿಂಗಿನಲ್ಲಿ ಸಿಕ್ಕರೆ, ತರಕಾರಿ ಅಂಗಡಿಯಲ್ಲಿ ಸಿಕ್ಕರೆ, ಅದೇ ಪ್ರಶ್ನೆ. ಕೊನೆಕೊನೆಗೆ ಅಧ್ಯಕ್ಷರು ಅವರನ್ನು ದೂರದಿಂದ ಕಂಡರೆ ಪಕ್ಕದ ಕ್ರಾಸಿಗೆ ತಿರುಗಿಕೊಳ್ಳುತ್ತಿದ್ದರು. ಬೀಗ ಬಿದ್ದ ಮೇಲೆ ಅವರು ಆ ಭವನದಲ್ಲಿ ಮೈಕು ಹಿಡಿಯಲಿಲ್ಲ. "ಬನ್ನಿ, ಕೂತ್ಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎನ್ನುತ್ತಿದ್ದರು.

ಅವರು ತೀರಿಕೊಂಡದ್ದು ಮನೆಯಲ್ಲಿ, ಹೃದಯ ನಿಂತು. ಅವರ ಸಾವಿಗೆ ನೀವು ಹೊಣೆಯೆಂದು ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಆಮೇಲೆ ನಡೆದದ್ದನ್ನು. ಶ್ರದ್ಧಾಂಜಲಿ ಸಭೆಗೆ ಎಡಗಡೆಯ ಬಾಗಿಲಿನ ಕಮಾನು ಹೂವಿನ ಅಲಂಕಾರಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ನಿಮ್ಮಲ್ಲೊಬ್ಬರಿಗೆ ತೋಚಿತು. ಒಳಗೆ ಕಾಲಿಟ್ಟವಳು ಆ ನಗುಮುಖದ ಚಿತ್ರವನ್ನೂ ಅದರ ಹಿಂದಿನ ಬೀಗವನ್ನೂ ಒಟ್ಟಿಗೆ ನೋಡಿದೆ. ಕೂತಲ್ಲಿ ಕೂರಲಾಗಲಿಲ್ಲ. ಮುಂಬಾಗಿಲಲ್ಲಿ ಚಪ್ಪಲಿಯ ಗುಡ್ಡೆ. ಅದರ ಪಕ್ಕದಲ್ಲೇ ಕಾಫಿಯ ಮೇಜು.

ಮೌನಾಚರಣೆಗೆ ಎಲ್ಲರೂ ಎದ್ದು ನಿಂತಾಗ ಕರೆಂಟು ಹೋಯಿತು. ಕಿಟಕಿಗಳಿಗೆಲ್ಲ ಎ.ಸಿ.ಗೆಂದು ದಪ್ಪ ಪರದೆ, ಗವ್ವೆನ್ನುವ ಕತ್ತಲು. ಜನರೇಟರು ಒಮ್ಮೆ ಗುರುಗುಟ್ಟಿ ನಿಂತಿತು, ಡೀಸೆಲ್ ಹೊಗೆಯ ವಾಸನೆ ಒಳಬಂತು. ಯಾರೋ, "ಏನೋ ಸುಟ್ಟ ವಾಸ್ನೆ ಅಲ್ವಾ?" ಎಂದರು. ಅಷ್ಟೇ. ಕುರ್ಚಿಗಳು ಉರುಳಿದವು. ಬಡಾವಣೆಗೆ ಹೊಸದಾಗಿ ಬಂದವರು ಮುಂಬಾಗಿಲಿಗೆ ನುಗ್ಗಿ ಚಪ್ಪಲಿಯಲ್ಲಿ ಮುಗ್ಗರಿಸುವುದು ಕೇಳಿಸಿತು. ಆದರೆ ನನ್ನ ಸುತ್ತ ಇದ್ದವರು, ಎಷ್ಟೋ ವರ್ಷಗಳಿಂದ ಇಲ್ಲಿನ ಸಭೆಗಳಿಗೆ ಬರುತ್ತಿದ್ದ ಹಿರಿಯರು, ಆ ಕಡೆ ಹೋಗಲಿಲ್ಲ. ಕತ್ತಲಲ್ಲಿ ಒಬ್ಬರ ಭುಜ ಒಬ್ಬರು ಹಿಡಿದು, ಒಂದು ಮಾತೂ ಆಡದೆ, ಎಡಕ್ಕೆ ಹೊರಟರು. ಗಡಿಯಾರ ಕಟ್ಟುವ ಕೈಯ ಕಡೆಗೆ. ಅವರು ಕಲಿಸಿದ್ದು ಫಲಿಸಿತ್ತು.

ಆಮೇಲೆ ಗಾಜು ಒಡೆದ ಸದ್ದು.

ದೀಪ ಬಂದಾಗ ಕಂಡದ್ದನ್ನು ನೀವೂ ಕಂಡಿರಿ. ಬೀಗ ಹಾಕಿದ ಬಾಗಿಲಿಗೆ ಹದಿನೈದಿಪ್ಪತ್ತು ಮಂದಿ ವೃದ್ಧರು ಒತ್ತಿಕೊಂಡು ನಿಂತಿದ್ದರು. ಮುಂದಿದ್ದವರು ಅಂಗೈಯೂರಿ ಬಾಗಿಲನ್ನು ಇನ್ನೂ ತಳ್ಳುತ್ತಲೇ ಇದ್ದರು. ಭಾವಚಿತ್ರ ಕೆಳಗೆ ಬಿದ್ದಿತ್ತು. ನಮ್ಮ ಎದುರುಮನೆಯ ಅಜ್ಜಿ ಬರಿಗಾಲಲ್ಲಿ ಅದರ ಗಾಜು ತುಳಿದಿದ್ದರು. ಸುಗಂಧರಾಜದ ಹೂವಿಗೆ ರಕ್ತ ಹತ್ತಿತ್ತು. ಎಲ್ಲರಿಗಿಂತ ಮುಂದೆ, ಬೀಗವನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದವರು ಮೈಕ್ ಸಾರ್ ಅವರ ಹೆಂಡತಿ.

ಅಧ್ಯಕ್ಷರು ಮೈಕಿನಲ್ಲಿ ನಕ್ಕು ಹೇಳಿದರು: "ಗಾಬರಿ ಬೇಡ, ಜನರೇಟರ್ ಹೊಗೆ ಅಷ್ಟೆ. ಬನ್ನಿ, ಕೂತ್ಕೊಳ್ಳಿ. ಕಾಫಿ ಮುಂದಿನ ಬಾಗಿಲ ಹತ್ರ ಇದೆ."

ಆಂಟಿ ಬೀಗ ಬಿಡಲಿಲ್ಲ. "ಕೀ ಕೊಡಿ," ಎಂದರು.

"ಅದು ಕಂಟ್ರಾಕ್ಟರ್ ಹತ್ರ ಇರುತ್ತೆ ಮೇಡಂ."

"ಫೋನ್ ಮಾಡಿ."

ಮಾಡಿದಿರಿ. ಕಂಟ್ರಾಕ್ಟರು ಯಾವುದೋ ಮದುವೆಗೆಂದು ಮಂಡ್ಯದಲ್ಲಿದ್ದರು. ಕೀ ಅವರ ಕಾರಿನಲ್ಲಿತ್ತು. ಆಂಟಿ ನನ್ನತ್ತ ತಿರುಗಿ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ, "ಇದೇ ಬಾಗಿಲು ತಾನೇನಮ್ಮ ಅವರು ಹೇಳ್ತಿದ್ದಿದ್ದು?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಹೊತ್ತುಕೊಂಡೇ ತಿರುಗುತ್ತಿದ್ದೇನೆ. ಅಂದು ಅವರು ಕಾಫಿ ಮುಟ್ಟದೆ, ಒಡೆದ ಚೌಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದರು.

ನನ್ನ ಭಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ದಾರಿ ಗೊತ್ತಿಲ್ಲದವರು ಗೊತ್ತಿಲ್ಲದೆ ಅಪಾಯಕ್ಕೆ ಸಿಲುಕುತ್ತಾರೆ. ನಮ್ಮ ಬಡಾವಣೆಯಲ್ಲಿ ದಾರಿ ಗೊತ್ತಿದ್ದವರೇ ಸಿಲುಕಿಕೊಳ್ಳುತ್ತಾರೆ. ಒಬ್ಬ ಮನುಷ್ಯ ಅಷ್ಟು ವರ್ಷ ಶ್ರಮಪಟ್ಟು ನಮ್ಮ ಹಿರಿಯರ ಕಾಲಿಗೆ ಕಲಿಸಿದ ದಾರಿಯ ಕೊನೆಗೆ ನೀವು ಬೀಗವನ್ನೂ, ಬೀಗದಾಚೆ ಗ್ಯಾಸ್ ಸಿಲಿಂಡರನ್ನೂ ಇಟ್ಟಿದ್ದೀರಿ.

ಅಕ್ಕನ ಮಗಳು ಮನೆಯಲ್ಲಿ ಈಗ ದಿನವೂ ಮರವಾಗುವ ಅಭ್ಯಾಸ ಮಾಡುತ್ತಾಳೆ. ಅವಳ ಎರಡು ಕೈಗೂ ಭುಜದಿಂದ ಬೆರಳಿನವರೆಗೆ ಕಾರ್ಡ್‌ಬೋರ್ಡಿನ ಕೊಂಬೆ ಕಟ್ಟುತ್ತಾರೆ, ಮೈತುಂಬ ಕ್ರೇಪ್ ಕಾಗದದ ಎಲೆ. ಚಿಲಕ ಹಿಡಿಯಲು ಬೆರಳು ಸಿಗುವುದಿಲ್ಲ. ಅವಳು ನಿಲ್ಲುವ ಜಾಗ ವೇದಿಕೆಯ ಎಡತುದಿ. ಮೊನ್ನೆ ಕೇಳಿದೆ:

"ಪುಟ್ಟಿ, ನಾಟಕದ ಮಧ್ಯೆ ಏನಾದ್ರೂ ಆದ್ರೆ ಎಲ್ಲಿ ಓಡ್ತೀಯ?"

"ಚಿಕ್ಕಿ, ಮರ ಓಡಲ್ಲ," ಎಂದಳು, ನನ್ನ ದಡ್ಡತನಕ್ಕೆ ಮರುಗಿ. "ಮಿಸ್ ಹೇಳಿದಾರೆ, ಏನೇ ಆದ್ರೂ ಅಲ್ಲಾಡ್ಬಾರ್ದು ಅಂತ."

ಆದ್ದರಿಂದ, ಭವನದ ನಿರ್ವಹಣಾ ಸಮಿತಿಯ ಅಧ್ಯಕ್ಷರಲ್ಲಿ ಮತ್ತು ಸದಸ್ಯರಲ್ಲಿ ನಾನು ವಿಧ್ಯುಕ್ತವಾಗಿ ಕೋರುವುದೇನೆಂದರೆ: ಎಡಗಡೆಯ ಬಾಗಿಲಿನ ಬೀಗವನ್ನು ಕೂಡಲೇ ತೆಗೆಸಬೇಕು. ಓಣಿಯಲ್ಲಿರುವ ಸಿಲಿಂಡರು, ಕುರ್ಚಿ, ತಗಡುಗಳನ್ನು ತೆರವು ಮಾಡಿಸಿ, ರಸ್ತೆಯವರೆಗೆ ದಾರಿ ಬಿಡಿಸಬೇಕು. ಭವನ ತೆರೆದಿರುವಷ್ಟು ಹೊತ್ತು ಆ ಬಾಗಿಲಿಗೆ ಯಾರೂ ಬೀಗ ಹಾಕಕೂಡದೆಂದು ಗುತ್ತಿಗೆಯ ಕರಾರಿನಲ್ಲಿ ಸೇರಿಸಬೇಕು. ಇದು ನಾಟಕದ ಹೊತ್ತಿಗೆ ಸಾಧ್ಯವಿಲ್ಲವೆಂದಾದರೆ ನಾಟಕವನ್ನು ಎದುರಿನ ಆಟದ ಮೈದಾನದಲ್ಲಿ ಆಡಿಸಬೇಕು. ಅಲ್ಲಿಗೆ ಯಾವ ದೊಡ್ಡ ಹೆಸರೂ ಇಲ್ಲ, ಬಾಗಿಲೂ ಇಲ್ಲ. ಇವೆರಡೂ ಆಗದಿದ್ದಲ್ಲಿ, ಆ ಸಂಜೆ ಮುಂಬಾಗಿಲಲ್ಲಿ ನಿಂತು ಒಳಬರುವ ಪ್ರತಿಯೊಬ್ಬ ತಂದೆತಾಯಿಗೂ ಎಡಗಡೆಯ ಬೀಗವನ್ನು ಬೆರಳು ಮಾಡಿ ತೋರಿಸುವವಳು ನಾನು.

ಇದಕ್ಕೆ ಉತ್ತರ ಕೊಡುವಾಗ ನೀವು ಸುರಕ್ಷತೆ, ನಿಯಮಾವಳಿ, ಪರಿಶೀಲನೆ ಎಂಬ ಮಾತುಗಳನ್ನು ಬಳಸುವ ಅಗತ್ಯವಿಲ್ಲ. ಒಂದೇ ಪ್ರಶ್ನೆಗೆ, ನಾಟಕಕ್ಕೆ ಮುಂಚೆ, ಸಮಿತಿಯ ಎಲ್ಲ ಸದಸ್ಯರ ಸಹಿಯೊಂದಿಗೆ ಲಿಖಿತ ಉತ್ತರ ಕೊಡಿ.

ಆ ಭಾನುವಾರ ಕಾಫಿಯನ್ನು ಎಲ್ಲಿ ಇಡುತ್ತೀರಿ?